ಯಹೂದಿಗಳಿಗೆ ಕ್ರೈಸ್ತರ ದಾನ: ಕೊಡುವುದಕ್ಕಿಂತ ತೆಗೆದುಕೊಳ್ಳುವುದು ಯಾಕೆ ಕಷ್ಟವಾಯಿತು?

1844ರ ಡಿಸೆಂಬರಿನಲ್ಲಿ ಜೆರುಸಲೇಮಿನಲ್ಲಿ ಒಂದು ಆಸ್ಪತ್ರೆ ಶುರುವಾಯಿತು. ಯಹೂದಿ ಬಡವರಿಗೆಂದೇ ತೆರೆದದ್ದು. ಡಾಕ್ಟರಿಗೆ ದುಡ್ಡು ಕೊಡಬೇಕಿಲ್ಲ, ಔಷಧಿಗೂ ಕೊಡಬೇಕಿಲ್ಲ. ಊಟ ಕೂಡ ಕೋಷರ್, ಅಂದರೆ ಯಹೂದಿ ಧರ್ಮದ ಕಟ್ಟುಪಾಡಿಗೆ ಸರಿಹೊಂದುವ ಅಡುಗೆ. ಬಡತನವೂ ಕಾಯಿಲೆಯೂ ತುಂಬಿದ್ದ ಊರು ಅದು. ಜನ ಮುಗಿಬೀಳಬೇಕಿತ್ತು. ಆದರೆ ಅಲ್ಲಿನ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಆಸ್ಪತ್ರೆಗೆ ಬಹಿಷ್ಕಾರ ಹಾಕಿದರು. ಅಲ್ಲಿ ತೀರಿಕೊಂಡ ಯಹೂದಿಗೆ ಯಹೂದಿ ಸ್ಮಶಾನದಲ್ಲಿ ಜಾಗ ಕೊಡದೆ ಹೋದದ್ದೂ ಉಂಟು.

ಯಾಕೆ ಅಂತ ತಿಳಿಯಲು ಆಸ್ಪತ್ರೆ ನಡೆಸುತ್ತಿದ್ದವರ ಹೆಸರು ನೋಡಿದರೆ ಸಾಕು. ಅದು ಲಂಡನ್ನಿನ ಒಂದು ಸಂಘ. ಯಹೂದಿಗಳಲ್ಲಿ ಕ್ರೈಸ್ತ ಧರ್ಮ ಹರಡುವುದೇ ತನ್ನ ಕೆಲಸ ಅಂತ ಅದು ಹೆಸರಿನಲ್ಲೇ ಹೇಳಿಕೊಂಡಿತ್ತು. ಮುಚ್ಚುಮರೆ ಏನೂ ಇರಲಿಲ್ಲ. ಅಪಾಯ ಬರುತ್ತಿದೆ ಅಂತ ಯಹೂದಿ ಶ್ರೀಮಂತರಿಗೂ ಮೊದಲೇ ಗೊತ್ತಾಗಿತ್ತು. ಲಂಡನ್ನಿನ ಮೋಸೆಸ್ ಮಾಂಟಿಫಿಯೋರಿ 1843ರಲ್ಲೇ ಸೈಮನ್ ಫ್ರಾಂಕೆಲ್ ಎಂಬ ಯಹೂದಿ ಡಾಕ್ಟರನ್ನು ಜೆರುಸಲೇಮಿಗೆ ಕಳಿಸಿದ್ದರು. 1854ರಲ್ಲಿ ರಾತ್‌ಶೀಲ್ಡ್ ಮನೆತನದ ಹಣದಲ್ಲಿ ಯಹೂದಿಗಳದೇ ಆಸ್ಪತ್ರೆ ಬಂತು. ಹೀಗೆ ಮಿಶನರಿಗಳ ಪೈಪೋಟಿಯಿಂದ ಊರಿಗೆ ಇನ್ನೊಂದು ಆಸ್ಪತ್ರೆಯಂತೂ ಸಿಕ್ಕಿತು.

ಈಗ ನಮ್ಮ ಕಾಲಕ್ಕೆ ಬನ್ನಿ. ಅಮೆರಿಕದ ಕ್ರೈಸ್ತರು ಸಣ್ಣ ಸಣ್ಣ ಮೊತ್ತ ಕಳಿಸುತ್ತಾರೆ. ಒಬ್ಬ ರಬ್ಬಿ ಕಟ್ಟಿದ ಸಂಸ್ಥೆ ಅದನ್ನು ಕೂಡಿಸಿ ಇಸ್ರೇಲಿನ ವೃದ್ಧರಿಗೆ, ಉಕ್ರೇನಿನ ಯಹೂದಿ ಅಜ್ಜಿಯರಿಗೆ ತಲುಪಿಸುತ್ತದೆ. ನೂರೈವತ್ತು ಕೋಟಿ ಡಾಲರಿಗೂ ಜಾಸ್ತಿ ಹಣ ಈ ದಾರಿಯಲ್ಲಿ ಹರಿದಿದೆ. ಬಹುಪಾಲು ಜನ ಇದನ್ನು ತೆಗೆದುಕೊಳ್ಳುತ್ತಾರೆ. ಬೇಡ ಅನ್ನುವವರು ಈಗಲೂ ಇದ್ದಾರೆ, ಆದರೆ ಕಡಿಮೆ.

ನಡುವೆ ಏನು ಬದಲಾಯಿತು? ಕ್ರೈಸ್ತರ ಕರುಣೆ ಹೆಚ್ಚಾಯಿತು ಅಂತ ಹೇಳಿ ಮುಗಿಸಿಬಿಡಬಹುದು. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. 1844ರಲ್ಲೂ ಕರುಣೆ ಇತ್ತು. ಬದಲಾದದ್ದು ದಾನದ ಷರತ್ತು ಹಾಕುವವರು ಯಾರು ಎಂಬುದು. ಈ ಒಂದು ಎಳೆ ಹಿಡಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಹಳೆಯ ಗ್ರಂಥಗಳಲ್ಲೇ ಇದ್ದ ಪ್ರಶ್ನೆ

ಯಹೂದಿ ಧರ್ಮದಲ್ಲಿ ದಾನ ಮನಸ್ಸಿಗೆ ಬಂದರೆ ಮಾಡುವ ಕೆಲಸವಲ್ಲ, ಮಾಡಲೇಬೇಕಾದ ಬಾಧ್ಯತೆ. ದಾನ ಪಡೆದು ಬದುಕುವ ಬಡವನೂ ತನಗೆ ಬಂದದ್ದರಲ್ಲಿ ಸ್ವಲ್ಪ ಕೊಡಬೇಕು. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು, ಮತ್ತೆ ಕೈ ಚಾಚದ ಹಾಗೆ ಒಬ್ಬನನ್ನು ನಿಲ್ಲಿಸುವುದು: ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲು ಕೊಟ್ಟೋ, ಕೆಲಸ ಕೊಡಿಸಿಯೋ. ಅದರ ಕೆಳಗಿನದು ಕೊಟ್ಟವನಿಗೆ ಪಡೆದವನು ಯಾರೆಂದು, ಪಡೆದವನಿಗೆ ಕೊಟ್ಟವನು ಯಾರೆಂದು ಗೊತ್ತಿಲ್ಲದ ದಾನ. ಪಡೆಯುವವನ ಮಾನದ ಮೇಲೆ ಎಷ್ಟು ಕಣ್ಣಿಟ್ಟಿದ್ದಾರೆ ನೋಡಿ.

ಯಹೂದಿಯಲ್ಲದ ಬಡವರಿಗೂ ಕೊಡಬೇಕು ಅಂತ ಯಹೂದಿಗಳ ಹಳೆಯ ಧರ್ಮಗ್ರಂಥವಾದ ತಾಲ್ಮುದ್ ಹೇಳುತ್ತದೆ. ಊರಿನಲ್ಲಿ ಶಾಂತಿ ಇರಲಿ ಅನ್ನುವುದು ಅದಕ್ಕೆ ಕೊಡುವ ಕಾರಣ. ಹಾಗಾದರೆ ಯಹೂದಿಯಲ್ಲದವರಿಂದ ತೆಗೆದುಕೊಳ್ಳಬಹುದೇ? ಇಲ್ಲಿ ಒಂದು ಸೊಗಸಾದ ಕಥೆ ಬರುತ್ತದೆ. ಪರ್ಷಿಯಾದ ರಾಜ ಶಾಪುರನ ತಾಯಿ ಇಫ್ರಾ ಹೊರ್ಮಿಜ್ 400 ದಿನಾರುಗಳನ್ನು ರಬ್ಬಿ ಅಮ್ಮಿಗೆ ಕಳಿಸಿದಳು. ಆತ ಒಪ್ಪಲಿಲ್ಲ. ಆಮೇಲೆ ರಾವಾ ಎಂಬ ಇನ್ನೊಬ್ಬ ಪಂಡಿತನಿಗೆ ಕಳಿಸಿದಳು. ರಾಜಮನೆತನದ ಜೊತೆ ಮನಸ್ತಾಪ ಯಾಕೆ ಅಂತ ರಾವಾ ತೆಗೆದುಕೊಂಡ. ತೆಗೆದುಕೊಂಡು ಏನು ಮಾಡಿದ? ಯಹೂದಿಯಲ್ಲದ ಬಡವರಿಗೆ ಹಂಚಿಬಿಟ್ಟ! ಹಣ ವಾಪಸ್ ಹೋಗಲಿಲ್ಲ, ಋಣವೂ ಹತ್ತಲಿಲ್ಲ. ಇಂಥ ಜಾಣತನ ಕಂಡಾಗ ನನಗೆ ನಗು ಬರುತ್ತದೆ.

16ನೇ ಶತಮಾನದಲ್ಲಿ ಯೋಸೆಫ್ ಕಾರೋ ಬರೆದ ಧರ್ಮಸಂಹಿತೆ ಇದನ್ನೇ ನಿಯಮ ಮಾಡಿತು. ಅನ್ಯಧರ್ಮೀಯರಿಂದ ಎಲ್ಲರೆದುರು ದಾನ ಪಡೆಯಬಾರದು. ಯಹೂದಿಗಳ ದಾನದಿಂದ ಬದುಕು ಸಾಗದಿದ್ದರೆ ಗುಟ್ಟಾಗಿ ಪಡೆಯಬಹುದು. ರಾಜನೇ ಕಳಿಸಿದರೆ ತಿರುಗಿಸಬಾರದು. ಈ ನಿಯಮದಲ್ಲಿ ಹೇಳುವ ಅನ್ಯಧರ್ಮೀಯರು ವಿಗ್ರಹಾರಾಧಕರು. ಕ್ರೈಸ್ತರು ಆ ಗುಂಪಿಗೆ ಸೇರುತ್ತಾರೋ ಇಲ್ಲವೋ ಎಂಬುದರ ಮೇಲೆ ಶತಮಾನಗಟ್ಟಲೆ ಚರ್ಚೆ ನಡೆದಿದೆ. ಮೈಮೊನಿಡೀಸ್ ಸೇರುತ್ತಾರೆ ಅಂದ. ಅವನ ನಂತರ ಬಂದ ಮೆನಾಹೆಮ್ ಮೆಯಿರಿ ಇಲ್ಲ ಅಂದ. ಇವತ್ತು ಹಣ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಗ್ರಂಥದ ಆಧಾರ ಸಿಗುವುದು ಇದರಿಂದಲೇ.

ಕ್ರೈಸ್ತರ ಕಡೆಯ ಲೆಕ್ಕ ಬೇರೆ. ಯೆಹೂದದ ಸಂತರಿಂದ ಆತ್ಮದ ಸಂಪತ್ತು ಪಡೆದವರು ಅವರಿಗೆ ಕೈಲಾದ ಹಣ ಕೊಟ್ಟು ಋಣ ತೀರಿಸಬೇಕು ಅಂತ, ಕ್ರೈಸ್ತ ಧರ್ಮದ ಮೊದಮೊದಲ ಪ್ರಚಾರಕನಾದ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿದೆ. ಆತ ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ ಊರೂರಿನಲ್ಲಿ ಚಂದಾ ಎತ್ತುತ್ತಿದ್ದ. ಆದಿಕಾಂಡದ 12ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ, ನಿನ್ನನ್ನು ಹರಸುವವರನ್ನು ನಾನು ಹರಸುತ್ತೇನೆ ಅನ್ನುತ್ತಾನೆ. ಇವತ್ತು ಚೆಕ್ಕು ಬರೆಯುವ ಅಮೆರಿಕದ ಕ್ರೈಸ್ತರನ್ನು ಯಾಕೆ ಅಂತ ಕೇಳಿದರೆ ಮೊದಲು ಬರುವ ವಾಕ್ಯ ಇದೇ. ಆದರೆ ಅದೇ ಬೈಬಲಿನಲ್ಲಿ ಎಲ್ಲ ಜನಾಂಗಗಳಿಗೂ ಸುವಾರ್ತೆ, ಅಂದರೆ ಕ್ರಿಸ್ತನ ಸಂದೇಶ, ಸಾರಿರಿ ಎಂಬ ಆಜ್ಞೆಯೂ ಇದೆ. ಒಂದು ಕೈ ರೊಟ್ಟಿ ಕೊಡು ಅನ್ನುತ್ತದೆ, ಇನ್ನೊಂದು ಕೈ ಪುಸ್ತಕವನ್ನೂ ಕೊಡು ಅನ್ನುತ್ತದೆ.

ಈ ಇಕ್ಕಟ್ಟು ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ತೆರೆಯಿತು. ಅದು ಸೇವೆಯೋ ಆಮಿಷವೋ ಎಂಬ ಮಾತು ಕರ್ನಾಟಕದಲ್ಲಿ ಇವತ್ತಿಗೂ ನಿಂತಿಲ್ಲ. ಯಹೂದಿಗಳ ವಿಷಯದಲ್ಲೇ ನಮ್ಮ ಪಕ್ಕದ ಮುಂಬಯಿಯಲ್ಲಿ ಒಂದು ತಮಾಷೆ ನಡೆದಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಹೀಬ್ರೂ ಭಾಷೆಯನ್ನು ಹೆಚ್ಚುಕಡಿಮೆ ಮರೆತಿದ್ದರು. 1829ರಲ್ಲಿ ಬಂದ ಸ್ಕಾಟ್ಲೆಂಡಿನ ಮಿಶನರಿ ಜಾನ್ ವಿಲ್ಸನ್ ಅವರ ಮಕ್ಕಳಿಗೆ ಹೀಬ್ರೂ ಕಲಿಸಿದರು. ಮರಾಠಿಯಲ್ಲಿ ಅದರ ವ್ಯಾಕರಣವನ್ನೂ ಬರೆದುಕೊಟ್ಟರು. ಬೈಬಲ್ ಓದಿದರೆ ಕ್ರೈಸ್ತರಾಗುತ್ತಾರೆ ಎಂಬ ಆಸೆ. ಮಕ್ಕಳು ಚೆನ್ನಾಗಿಯೇ ಓದಿದರು, ತಮ್ಮ ಪುರಾತನ ಗ್ರಂಥಗಳನ್ನು ತಿಳಿದುಕೊಂಡರು, ಮೊದಲಿಗಿಂತ ಗಟ್ಟಿ ಯಹೂದಿಗಳಾದರು. ಮತಾಂತರ ಆದವರು ಬೆರಳೆಣಿಕೆಯಷ್ಟು.

1938: ರೈಲು ಹತ್ತಿದ ಮಕ್ಕಳು

ಎರಡೂ ಧರ್ಮದವರು ಒಂದೇ ಮೇಜಿಗೆ ಕೂತು ಮಾಡಿದ ದೊಡ್ಡ ಕೆಲಸ ಅಂದರೆ ನನ್ನ ಲೆಕ್ಕದಲ್ಲಿ ಕಿಂಡರ್‌ಟ್ರಾನ್ಸ್‌ಪೋರ್ಟ್, ಅಂದರೆ ನಾಜಿಗಳ ಹಿಡಿತದಿಂದ ಮಕ್ಕಳನ್ನು ಬ್ರಿಟನ್ನಿಗೆ ಸಾಗಿಸಿದ್ದು. ಈ ಬಗೆಯ ಸೇವೆಯ ಹಿರಿಮೆ, ತೊಡಕು ಎರಡನ್ನೂ ತೋರಿಸುವ ಘಟನೆ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1938ರ ನವೆಂಬರ್ 9 ಮತ್ತು 10ರಂದು ನಾಜಿಗಳು ಜರ್ಮನಿ, ಆಸ್ಟ್ರಿಯಾದ ತುಂಬ ಯಹೂದಿಗಳ ಅಂಗಡಿ ಒಡೆದರು, ಅವರ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ತಳ್ಳಿದರು. ಬ್ರಿಟನ್ನಿನ ಯಹೂದಿ ಮುಖಂಡರಿಗೆ ಅಲ್ಲಿ ಏನಾಗುತ್ತಿದೆ ಅಂತ ತಿಳಿಯಬೇಕಿತ್ತು. ಆದರೆ ಯಹೂದಿಗಳು ಜರ್ಮನಿಯೊಳಗೆ ಹೋಗುವುದು ಅಪಾಯ. ಆಗ ಅವರು ಕ್ವೇಕರರನ್ನು ಕೇಳಿದರು.

ಕ್ವೇಕರರೇ ಯಾಕೆ? ಇವರು ಯುದ್ಧವನ್ನು ಒಪ್ಪದ ಸಣ್ಣ ಕ್ರೈಸ್ತ ಪಂಥ. ಮೊದಲ ಮಹಾಯುದ್ಧ ಮುಗಿದ ಮೇಲೆ ಸೋತ ಜರ್ಮನಿಯಲ್ಲಿ ಮಕ್ಕಳು ಹಸಿದಿದ್ದಾಗ ಇವರು ಊಟ ಹಾಕಿದ್ದರು. ಒಂದು ಹಂತದಲ್ಲಿ ದಿನಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಉಣ್ಣುತ್ತಿದ್ದರು. ಆ ಊಟ ಉಂಡವರೇ ಬೆಳೆದು ಈಗ ಕಚೇರಿಗಳಲ್ಲಿ ಕೂತಿದ್ದರು. ಹಾಗಾಗಿ ಬೇರೆಯವರಿಗೆ ಮುಚ್ಚಿದ ಬಾಗಿಲು ಇವರಿಗೆ ಸ್ವಲ್ಪವಾದರೂ ತೆರೆಯುತ್ತಿತ್ತು. ಕ್ವೇಕರರ ತಂಡ ಬರ್ಲಿನ್ನಿಗೆ ಹೋಗಿ, ಅಲ್ಲಿದ್ದ ಯಹೂದಿ ಉದ್ಯಮಿ ವಿಲ್‌ಫ್ರಿಡ್ ಇಸ್ರೇಲ್ ಜೊತೆ ಮಾತಾಡಿ ಸುದ್ದಿ ತಂದಿತು. ತಾಯಂದಿರು ಮಕ್ಕಳನ್ನಷ್ಟೇ ಕಳಿಸಲೂ ಸಿದ್ಧರಿದ್ದಾರೆ ಎಂಬುದೇ ಆ ಸುದ್ದಿ.

ನವೆಂಬರ್ 21ರಂದು ಯಹೂದಿಗಳು, ಕ್ವೇಕರರು, ಇತರ ಕ್ರೈಸ್ತರು ಒಟ್ಟಾಗಿ ಗೃಹ ಸಚಿವ ಸ್ಯಾಮ್ಯುಯೆಲ್ ಹೋರ್ ಅವರನ್ನು ಕಂಡರು. ಕ್ವೇಕರರ ಪರವಾಗಿ ಮುಂದೆ ನಿಂತವರು ಬರ್ಥಾ ಬ್ರೇಸಿ. ಅದೇ ದಿನ ಸಂಸತ್ತಿನಲ್ಲಿ ಚರ್ಚೆಯಾಯಿತು. ಸರ್ಕಾರ ಒಪ್ಪಿತು: 17 ವರ್ಷದೊಳಗಿನ ಮಕ್ಕಳು ಬರಬಹುದು, ಅಪ್ಪ ಅಮ್ಮ ಬರುವಂತಿಲ್ಲ, ಸರ್ಕಾರದ ಬೊಕ್ಕಸದ ಮೇಲೆ ಹೊರೆ ಬೀಳುವಂತಿಲ್ಲ. ಡಿಸೆಂಬರ್ 2ಕ್ಕೇ ಮೊದಲ ಗುಂಪು ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಸುಮಾರು 200 ಮಕ್ಕಳು. ಬಹಳಷ್ಟು ಮಂದಿ ಬರ್ಲಿನ್ನಿನ ಯಹೂದಿ ಅನಾಥಾಲಯವೊಂದರವರು. ಅದನ್ನು ಆಗಷ್ಟೇ ನಾಶಮಾಡಿದ್ದರು. ಅಧಿಕಾರಿಗಳ ಮಾತುಕತೆಯಿಂದ ಮಕ್ಕಳು ದಡ ಮುಟ್ಟುವವರೆಗೆ ಎರಡು ವಾರವೂ ಹಿಡಿಯಲಿಲ್ಲ!

ಅದೇ ಹೊತ್ತಿಗೆ ಗೀರ್ಟ್ರುಯ್ಡಾ ವೈಸ್‌ಮುಲ್ಲರ್ ಎಂಬ ಡಚ್ ಕ್ರೈಸ್ತ ಮಹಿಳೆ ವಿಯೆನ್ನಾಕ್ಕೆ ಹೋಗಿ ನೇರವಾಗಿ ಅಡಾಲ್ಫ್ ಐಕ್‌ಮನ್‌ನ ಎದುರು ನಿಂತರು. ಮುಂದೆ ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಅದೇ ಐಕ್‌ಮನ್. ಆಗುವುದಿಲ್ಲ ಅಂದುಕೊಂಡೇ ಅವನು ಸವಾಲು ಹಾಕಿದ: ಇದೇ ಶನಿವಾರ 600 ಮಕ್ಕಳನ್ನು ಕರೆದೊಯ್ಯುವುದಾದರೆ ಕರೆದೊಯ್ಯಿ. ಅವರು ಕರೆದೊಯ್ದರು.

ಹಣದ ಕಥೆ ಕೇಳಿ. ಯಹೂದಿಗಳು 1933ರಲ್ಲೇ ನಿರಾಶ್ರಿತರಿಗಾಗಿ ನಿಧಿ ಕಟ್ಟಿದ್ದರು. ಅದಕ್ಕೆ ಕ್ರೈಸ್ತರ ಕೈ ಸೇರಿದ್ದು 1938ರ ಡಿಸೆಂಬರ್ 8ರಂದು. ಮಾಜಿ ಪ್ರಧಾನಿ ಸ್ಟಾನ್ಲಿ ಬಾಲ್ಡ್ವಿನ್ ರೇಡಿಯೊದಲ್ಲಿ ಮನವಿ ಮಾಡಿದರು. ಐದು ಲಕ್ಷ ಪೌಂಡಿಗೂ ಹೆಚ್ಚು ಬಂತು. 1939ರಲ್ಲಿ ಸರ್ಕಾರ ಇನ್ನೊಂದು ಷರತ್ತು ಹಾಕಿತು: ಪ್ರತಿ ಮಗುವಿಗೆ 50 ಪೌಂಡ್ ಠೇವಣಿ ಇಡಬೇಕು, ಮುಂದೆ ಆ ಮಗುವನ್ನು ವಾಪಸ್ ಕಳಿಸುವ ಖರ್ಚಿಗೆ. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಚರ್ಚುಗಳು, ಸಿನಗಾಗ್‌ಗಳು, ಶಾಲೆಗಳು ಚಂದಾ ಎತ್ತಿ ಕಟ್ಟಿದವು. ಯುದ್ಧ ಶುರುವಾಗುವ ಹೊತ್ತಿಗೆ ಸುಮಾರು 10,000 ಮಕ್ಕಳು ಬ್ರಿಟನ್ನಿಗೆ ಬಂದಿದ್ದರು. ನಾಲ್ವರಲ್ಲಿ ಮೂವರು ಯಹೂದಿಗಳು. ಉಳಿದವರಲ್ಲಿ ಅನೇಕರು ನಾಜಿ ಕಾನೂನಿನ ಪ್ರಕಾರ ಯಹೂದಿ ರಕ್ತದವರಾದ ಕ್ರೈಸ್ತ ಮಕ್ಕಳು.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ ಅಲ್ವಾ? ತೊಡಕು ಬಂದದ್ದು ಮಕ್ಕಳನ್ನು ಇಟ್ಟುಕೊಳ್ಳುವ ಮನೆಗಳ ವಿಷಯದಲ್ಲಿ.

ಮಗು ಬೇಕು ಅಂತ ಮುಂದೆ ಬಂದ ಯಹೂದಿ ಮನೆಗಳು ಸಾಲಲಿಲ್ಲ. ಬ್ರಿಟನ್ನಿನಲ್ಲಿ ಯಹೂದಿಗಳ ಸಂಖ್ಯೆಯೇ ಕಡಿಮೆ. ಹಾಗಾಗಿ ಸಾವಿರಾರು ಯಹೂದಿ ಮಕ್ಕಳು ಕ್ರೈಸ್ತ ಮನೆ ಸೇರಿದರು. ಭಾನುವಾರ ಮನೆಯವರೆಲ್ಲ ಚರ್ಚಿಗೆ ಹೋದರೆ ಮಗುವೂ ಹೋಗುತ್ತಿತ್ತು. ತಟ್ಟೆಯಲ್ಲಿ ಹಂದಿ ಮಾಂಸ ಬಂದರೆ ತಿನ್ನುತ್ತಿತ್ತು. ಐದು ವರ್ಷದ ಮಗು ಎಷ್ಟು ದಿನ ತನ್ನ ಹಬ್ಬಗಳನ್ನು ನೆನಪಿಟ್ಟುಕೊಂಡೀತು? ಕೆಲವು ಮನೆಗಳವರು ಮಗುವಿಗೆ ದೀಕ್ಷಾಸ್ನಾನವನ್ನೂ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿಯನ್ನೂ, ಮಾಡಿಸಿದರು. ಅವರಲ್ಲಿ ಬಹುಪಾಲು ಜನಕ್ಕೆ ಕೆಟ್ಟ ಉದ್ದೇಶ ಇರಲಿಲ್ಲ ಅಂತಲೇ ನನ್ನ ಭಾವನೆ. ಪ್ರೀತಿಸುವ ಮಗುವಿಗೆ ತಮ್ಮಲ್ಲಿರುವ ಒಳ್ಳೆಯದನ್ನು ಕೊಡುತ್ತಿದ್ದೇವೆ ಅಂದುಕೊಂಡರು.

ಲಂಡನ್ನಿನ ರಬ್ಬಿ ಸೊಲೊಮನ್ ಶೋನ್‌ಫೆಲ್ಡ್ ಇದನ್ನು ಒಪ್ಪಲಿಲ್ಲ. ಅವರೇ ನೂರಾರು ಮಕ್ಕಳನ್ನು ಕರೆತಂದಿದ್ದರು. ಜಾಗ ಸಾಲದೆ ತಮ್ಮ ಶಾಲೆಯಲ್ಲೇ ಹಾಸಿಗೆ ಹಾಕಿಸಿದರು, ತಮ್ಮ ಮನೆಯನ್ನೂ ಬಿಟ್ಟುಕೊಟ್ಟರು. ದೇಹ ಉಳಿಸಿ ಮಗುವಿನ ಧರ್ಮ ಕಳೆಯುವುದಾದರೆ ಅದು ಎಂಥ ರಕ್ಷಣೆ ಅನ್ನುವುದು ಅವರ ಕಡೆಯ ವಾದ. ಇನ್ನೊಂದು ತುದಿಯಲ್ಲಿ ಪ್ರಾಗ್‌ನಿಂದ 669 ಮಕ್ಕಳನ್ನು ಹೊರಡಿಸಿದ ನಿಕೊಲಸ್ ವಿಂಟನ್ ಇದ್ದರು. ಯಹೂದಿ ಮೂಲದ ತಂದೆತಾಯಿಗೆ ಹುಟ್ಟಿ ದೀಕ್ಷಾಸ್ನಾನ ಪಡೆದವರು. ಮತಾಂತರಕ್ಕೆ ಹೆಸರಾದ ಒಂದು ಮಿಶನ್ ಕೆಲವು ಮಕ್ಕಳನ್ನು ತೆಗೆದುಕೊಂಡಾಗ ರಬ್ಬಿಗಳು ಆಕ್ಷೇಪಿಸಿದರು. ವಿಂಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಮಗು ಬದುಕಲಿ, ಉಳಿದದ್ದು ಆಮೇಲೆ ಅನ್ನುವುದು ಅವರ ನಿಲುವು.

1944ರಲ್ಲಿ ಜಗಳ ಸಂಸತ್ತಿಗೂ ಮುಟ್ಟಿತು. ಮಕ್ಕಳಿಗೆ ಕಾನೂನುಬದ್ಧ ಪೋಷಕರು ಯಾರು ಎಂಬ ಪ್ರಶ್ನೆಗೆ ಒಂದು ಕಾಯ್ದೆಯೇ ಬಂತು. ಈ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಮಿತಿಯ ಅಧ್ಯಕ್ಷರಾಗಿದ್ದ ಲಾರ್ಡ್ ಗೊರೆಲ್ ಅವರನ್ನು ಪೋಷಕರಾಗಿ ಮಾಡಿದರು. ಅವರು ಕ್ರೈಸ್ತರು. ಸಂಪ್ರದಾಯಸ್ಥ ಯಹೂದಿಗಳು ಕೆರಳಿದರು, ಮಕ್ಕಳನ್ನು ನಮ್ಮಿಂದ ಕಿತ್ತುಕೊಳ್ಳುತ್ತಿದ್ದಾರೆ ಅಂತ ಕರಪತ್ರ ಹಂಚಿದರು. ಈ ವಾದದಲ್ಲಿ ಯಾರ ಕಡೆ ನಿಲ್ಲಬೇಕು ಅಂತ ಕೇಳಿದರೆ, 1938ರಲ್ಲಿ ವಿಂಟನ್ ಕಡೆ, 1944ರಲ್ಲಿ ಶೋನ್‌ಫೆಲ್ಡ್ ಕಡೆ ಅನ್ನುತ್ತೇನೆ. ಬೆಂಕಿ ಹತ್ತಿದಾಗ ಷರತ್ತು ಕೇಳುವಂತಿಲ್ಲ. ಬೆಂಕಿ ಆರಿದ ಮೇಲೂ ಮಗು ಯಾರದು ಅಂತ ಕೇಳದೆ ಇರುವುದು ಸರಿಯಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಫಿನಾಲಿ ಸಹೋದರರ ಪ್ರಕರಣ ಇದೆ. 1944ರಲ್ಲಿ ಯಹೂದಿಗಳಾದ ಅವರ ತಂದೆತಾಯಿಯನ್ನು ಆಶ್‌ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು, ಅವರು ಮರಳಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಗ್ರೆನೋಬಲ್‌ನಲ್ಲಿ ಒಬ್ಬ ಕ್ಯಾಥೊಲಿಕ್ ಮಹಿಳೆ ಬಚ್ಚಿಟ್ಟು ಕಾಪಾಡಿದರು. ಯುದ್ಧ ಮುಗಿಯಿತು, ಅತ್ತೆಯಂದಿರು ಮಕ್ಕಳನ್ನು ಕೇಳಿದರು. ಆಕೆ ಕೊಡಲಿಲ್ಲ. 1948ರಲ್ಲಿ ದೀಕ್ಷಾಸ್ನಾನ ಮಾಡಿಸಿದರು. ಕೋರ್ಟು ಆದೇಶ ಮಾಡಿದಾಗ ಕೆಲವು ಪಾದ್ರಿಗಳೂ ಸನ್ಯಾಸಿನಿಯರೂ ಸೇರಿ ಮಕ್ಕಳನ್ನು ಗಡಿ ದಾಟಿಸಿ ಸ್ಪೇನಿಗೆ ಸಾಗಿಸಿದರು. ಕೊನೆಗೆ 1953ರಲ್ಲಿ ಮಕ್ಕಳು ಬಂಧುಗಳ ಕೈ ಸೇರಿ ಇಸ್ರೇಲಿಗೆ ಹೋದರು.

ನಿಯಮಗಳು ಹುಟ್ಟಿದ್ದು

ಯುದ್ಧದ ನಡುವೆಯೇ, 1942ರಲ್ಲಿ, ಬ್ರಿಟನ್ನಿನಲ್ಲಿ ಕ್ರೈಸ್ತ ಯಹೂದಿ ಮಂಡಳಿ ಹುಟ್ಟಿತು. ಆರ್ಚ್‌ಬಿಷಪ್ ವಿಲಿಯಂ ಟೆಂಪಲ್, ಮುಖ್ಯ ರಬ್ಬಿ ಜೋಸೆಫ್ ಹರ್ಟ್ಸ್ ಅದರ ಮುಂದಾಳುಗಳು. 1947ರಲ್ಲಿ ಸ್ವಿಟ್ಜರ್ಲೆಂಡಿನ ಸೀಲಿಸ್‌ಬರ್ಗ್‌ನಲ್ಲಿ ನಡೆದ ಸಭೆ ಚರ್ಚುಗಳಿಗೆ ಹತ್ತು ಅಂಶಗಳ ಬುದ್ಧಿಮಾತು ಬರೆಯಿತು. ಏಸು ಯಹೂದಿ ತಾಯಿಗೆ ಹುಟ್ಟಿದವನು ಎಂಬುದನ್ನು ಮರೆಯಬೇಡಿ, ಅವನ ಸಾವಿನ ಹೊಣೆಯನ್ನು ಎಲ್ಲ ಯಹೂದಿಗಳ ತಲೆಗೆ ಕಟ್ಟಬೇಡಿ, ಹೀಗೆ. 1965ರಲ್ಲಿ ಕ್ಯಾಥೊಲಿಕ್ ಚರ್ಚ್ ಇದನ್ನೇ ಅಧಿಕೃತವಾಗಿ ಹೇಳಿತು. 2015ರಲ್ಲಿ ವ್ಯಾಟಿಕನ್ ಇನ್ನೊಂದು ಹೆಜ್ಜೆ ಇಟ್ಟು, ಯಹೂದಿಗಳನ್ನೇ ಗುರಿಯಾಗಿಟ್ಟ ಸಾಂಸ್ಥಿಕ ಮಿಶನ್ ಕೆಲಸ ತಾನು ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಅಂದಿತು.

ಯಹೂದಿಗಳ ಕಡೆಯಿಂದ ಬಂದ ಮುಖ್ಯ ಮಾತು ರಬ್ಬಿ ಜೋಸೆಫ್ ಸೊಲೊವೈಚಿಕ್ ಅವರದು. ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರು 1964ರಲ್ಲಿ ಒಂದು ಲೇಖನದಲ್ಲಿ ಗೆರೆ ಎಳೆದರು. ನಂಬಿಕೆ ಒಳಗಿನ ವಿಷಯ. ಅದರ ಬಗ್ಗೆ ಚರ್ಚಿನ ಜೊತೆ ಚೌಕಾಸಿ ಬೇಡ. ಆದರೆ ಬಡತನ, ನ್ಯಾಯ, ಯುದ್ಧ ಇಂಥ ಲೋಕದ ಕೆಲಸಗಳಲ್ಲಿ ಒಟ್ಟಿಗೆ ದುಡಿಯೋಣ. ನಂಬಿಕೆಯ ಮಾತು ಬಿಟ್ಟು ಕೆಲಸ ಹಿಡಿಯಿರಿ ಎಂಬ ಈ ಸೂತ್ರದ ಮೇಲೇ ಇವತ್ತು ಸಂಪ್ರದಾಯಸ್ಥ ಯಹೂದಿಗಳ ಎಷ್ಟೋ ಜಂಟಿ ಸೇವೆ ನಿಂತಿದೆ.

ಇಸ್ರೇಲ್ ಕಾನೂನನ್ನೇ ಮಾಡಿತು. 1977ರ ತಿದ್ದುಪಡಿಯ ಪ್ರಕಾರ, ಧರ್ಮ ಬದಲಿಸಲು ಹಣ ಅಥವಾ ಬೇರೆ ಲಾಭ ಕೊಟ್ಟವರಿಗೆ ಐದು ವರ್ಷದವರೆಗೆ ಜೈಲು. ತೆಗೆದುಕೊಂಡು ಧರ್ಮ ಬದಲಿಸಲು ಒಪ್ಪಿದವರಿಗೂ ಮೂರು ವರ್ಷದವರೆಗೆ. ಧರ್ಮ ಸಾರುವುದು ಅಪರಾಧವಲ್ಲ, ಅದಕ್ಕೆ ದುಡ್ಡು ಸೇರಿಸುವುದು ಅಪರಾಧ.

ಒಬ್ಬ ರಬ್ಬಿ, ಲಕ್ಷಾಂತರ ಕ್ರೈಸ್ತರು

ಆ ಯೆಶಿವಾ ವಿಶ್ವವಿದ್ಯಾಲಯದಲ್ಲೇ ಓದಿ ರಬ್ಬಿಯಾದವರು ಯೆಹಿಯೆಲ್ ಎಕ್‌ಸ್ಟೀನ್. 1977ರ ಸುಮಾರಿಗೆ ಷಿಕಾಗೊ ಪಕ್ಕದ ಸ್ಕೋಕಿ ಎಂಬಲ್ಲಿ ಅಮೆರಿಕದ ನವನಾಜಿಗಳು ಮೆರವಣಿಗೆ ಮಾಡುತ್ತೇವೆ ಅಂತ ಹೊರಟರು. ಆ ಊರಿನ ತುಂಬ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರು. ಇದನ್ನು ಎದುರಿಸಲು ಕ್ರೈಸ್ತರ ಬೆಂಬಲ ಕೇಳುವುದು ಎಕ್‌ಸ್ಟೀನ್ ಪಾಲಿಗೆ ಬಂದ ಕೆಲಸ. ಉದಾರವಾದಿ ಚರ್ಚುಗಳ ಜೊತೆ ಯಹೂದಿಗಳಿಗೆ ಮೊದಲಿನಿಂದ ಮಾತುಕತೆ ಇತ್ತು. ಎಕ್‌ಸ್ಟೀನ್ ಹೋದದ್ದು ಯಹೂದಿಗಳು ದೂರ ಇಟ್ಟಿದ್ದ ಇವ್ಯಾಂಜೆಲಿಕಲ್ ಕ್ರೈಸ್ತರ, ಅಂದರೆ ಬೈಬಲಿಗೆ ಬಿಗಿಯಾಗಿ ಅಂಟಿಕೊಂಡು ಸುವಾರ್ತೆ ಸಾರುವವರ, ಬಳಿಗೆ. ಇಸ್ರೇಲ್ ಮೇಲೆ ಅವರಿಗೆ ಇಷ್ಟು ಪ್ರೀತಿ ಇದೆಯೇ ಅಂತ ಎಕ್‌ಸ್ಟೀನ್ ಅವರಿಗೇ ಅಚ್ಚರಿಯಾಯಿತು. 1983ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಇವತ್ತಿನ ಇಂಟರ್‌ನ್ಯಾಷನಲ್ ಫೆಲೋಷಿಪ್ ಆಫ್ ಕ್ರಿಶ್ಚಿಯನ್ಸ್ ಅಂಡ್ ಜ್ಯೂಸ್.

ಮೊದಮೊದಲು ಬರೀ ಮಾತುಕತೆಯ ಸಂಸ್ಥೆ. ಸೋವಿಯತ್ ಒಕ್ಕೂಟ ಮುರಿದು ಯಹೂದಿಗಳು ಗುಂಪು ಗುಂಪಾಗಿ ಇಸ್ರೇಲಿಗೆ ಹೊರಟಾಗ ಎಲ್ಲ ಬದಲಾಯಿತು. 1990ರ ದಶಕದಲ್ಲಿ ಹಳೆಯ ಸೋವಿಯತ್ ನಾಡುಗಳಿಂದ ಎಂಟು ಲಕ್ಷಕ್ಕೂ ಹೆಚ್ಚು ಜನ ಬಂದರು. ನಾನು ನಿಮ್ಮನ್ನು ಹದ್ದುಗಳ ರೆಕ್ಕೆಗಳ ಮೇಲೆ ಹೊತ್ತು ತಂದೆ ಅಂತ ದೇವರು ಹೇಳುವ ಮಾತು ವಿಮೋಚನಕಾಂಡದಲ್ಲಿದೆ. ಆ ಹೆಸರಿನಲ್ಲೇ ಎಕ್‌ಸ್ಟೀನ್ ಟೀವಿಯಲ್ಲಿ ಮನವಿ ಶುರುಮಾಡಿದರು. ಗಾಯಕ ಪ್ಯಾಟ್ ಬೂನ್ ಜೊತೆ ಟೋಪಿ ತೊಟ್ಟ ರಬ್ಬಿಯೊಬ್ಬರು ಟೀವಿಯಲ್ಲಿ ಕೂತು ಕ್ರೈಸ್ತರನ್ನು ದುಡ್ಡು ಕೇಳುವುದು ಅಮೆರಿಕಕ್ಕೆ ಹೊಸದು. ದುಡ್ಡು ಬಂತು. 2010ರ ದಶಕದಲ್ಲಿ ವರ್ಷಕ್ಕೆ ಹತ್ತು ಕೋಟಿ ಡಾಲರ್ ದಾಟಿತು. 2019ರಲ್ಲಿ ಎಕ್‌ಸ್ಟೀನ್ ತೀರಿಕೊಂಡ ಮೇಲೆ ಮಗಳು ಯಾಯೆಲ್ ಸಂಸ್ಥೆ ನಡೆಸುತ್ತಿದ್ದಾರೆ.

ಇದು ಹೇಗೆ ನಡೆಯುತ್ತದೆ ಅಂತ ನೋಡಲು ಉಕ್ರೇನ್, ರಷ್ಯಾದ ವೃದ್ಧರ ಉದಾಹರಣೆ ಚೆನ್ನ. ಅಲ್ಲಿ 'ಹೆಸೆಡ್' ಎಂಬ ಯಹೂದಿ ಸೇವಾಕೇಂದ್ರಗಳಿವೆ. ಮೊದಲನೆಯದು 1993ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾಯಿತು. ನಡೆಸುವುದು 'ಜಾಯಿಂಟ್' ಎಂಬ 1914ರ ಯಹೂದಿ ಸಂಸ್ಥೆ. ನಾಜಿಗಳ ಕೈಗೆ ಸಿಕ್ಕಿ ನರಳಿದವರ ಆರೈಕೆಗೆ ಜರ್ಮನಿಯ ಪರಿಹಾರದ ಹಣ ಬರುತ್ತದೆ. ಆದರೆ ಪಕ್ಕದ ಮನೆಯ ಅಜ್ಜಿ ಯುದ್ಧ ಮುಗಿದ ಮೇಲೆ ಹುಟ್ಟಿದವಳಾದರೆ? ಬಡತನ ಅದೇ, ಮುಪ್ಪೂ ಅದೇ, ಪರಿಹಾರದ ಹಣ ಮಾತ್ರ ಅವಳಿಗೆ ಇಲ್ಲ. ಈ ಬಿರುಕು ತುಂಬುವುದರಲ್ಲಿ ಕ್ರೈಸ್ತರ ದೇಣಿಗೆಯ ಪಾಲು ದೊಡ್ಡದು. ಹಣ ಕ್ರೈಸ್ತರದು, ಬಾಗಿಲು ತಟ್ಟಿ ಬ್ರೆಡ್ಡು, ಔಷಧಿ ಕೊಡುವ ಕೈ ಯಹೂದಿಯದು. ಯಾರಿಗೆ ಕೊಡಬೇಕು ಅಂತ ಪಟ್ಟಿ ಮಾಡುವವರೂ ಯಹೂದಿಗಳೇ. 1844ರ ಆಸ್ಪತ್ರೆಯಲ್ಲಿ ಹಣ, ಕೈ, ಪಟ್ಟಿ ಮೂರೂ ಮಿಶನರಿಗಳ ಹತ್ತಿರ ಇದ್ದವು.

ಹಾಗಂತ ಎಲ್ಲರೂ ಖುಷಿಯಾಗಿಲ್ಲ. ಎಕ್‌ಸ್ಟೀನ್ ಬದುಕಿನುದ್ದಕ್ಕೂ ಎರಡೂ ಕಡೆಯಿಂದ ಬೈಸಿಕೊಂಡರು. ಇಸ್ರೇಲಿನ ಕೆಲವು ದೊಡ್ಡ ಸಂಪ್ರದಾಯಸ್ಥ ರಬ್ಬಿಗಳು ಈ ಹಣ ಮುಟ್ಟಬಾರದು ಅಂತ ಅಪ್ಪಣೆ ಹೊರಡಿಸಿದರು. ಕೆಲವು ಯಹೂದಿ ಮುಖಂಡರು, ನಮ್ಮವರ ಬಡತನವನ್ನು ಟೀವಿಯಲ್ಲಿ ಮಾರುತ್ತಿದ್ದೀರಿ ಅಂದರು. ಈ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕಲಾಗದು. ಅಳುವ ಅಜ್ಜಿಯ ಮುಖ ತೋರಿಸಿ ಹಣ ಎತ್ತುವುದು ಮೈಮೊನಿಡೀಸನ ಮೆಟ್ಟಿಲಲ್ಲಿ ಬಹಳ ಕೆಳಗೆ ನಿಲ್ಲುತ್ತದೆ. ಇನ್ನು ಕ್ರೈಸ್ತರಲ್ಲೇ ಕೆಲವರು, ಸುವಾರ್ತೆ ಹೇಳದೆ ಬರೀ ರೊಟ್ಟಿ ಕೊಡುವುದು ತಪ್ಪು ಅಂದರು. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟರು 1996ರಲ್ಲಿ ಯಹೂದಿಗಳಿಗೆ ಸುವಾರ್ತೆ ಸಾರುವ ಕೆಲಸ ಬಿಡಬಾರದು ಅಂತ ಠರಾವನ್ನೇ ಮಾಡಿದರು.

ಮೂರನೆಯ ಆಕ್ಷೇಪ ಪ್ಯಾಲೆಸ್ಟೀನಿನ ಕ್ರೈಸ್ತರದು. ಬೈಬಲಿನ ವಾಕ್ಯ ಹಿಡಿದು ಇಸ್ರೇಲನ್ನು ಬೆಂಬಲಿಸುವ ಪಶ್ಚಿಮದ ಕ್ರೈಸ್ತರಿಗೆ ಬೆತ್ಲೆಹೇಮಿನ ನಾವು ಕಾಣುವುದೇ ಇಲ್ಲವೇ ಅನ್ನುವುದು ಅವರ ಪ್ರಶ್ನೆ. 2009ರಲ್ಲಿ ಅಲ್ಲಿನ ಚರ್ಚು ಮುಖಂಡರು ಸೇರಿ ಈ ಬಗ್ಗೆ ಒಂದು ಬಹಿರಂಗ ಪತ್ರ ಹೊರಡಿಸಿದರು. ದಾನಕ್ಕೂ ರಾಜಕೀಯಕ್ಕೂ ನಡುವಿನ ಗೆರೆ ಇಲ್ಲಿ ತೀರ ತೆಳು. ಹಸಿದವನಿಗೆ ಊಟ ಕೊಡುವುದನ್ನು ಯಾರೂ ಬೇಡ ಅನ್ನುವುದಿಲ್ಲ. ಯಾವ ಬೀದಿಯ ಹಸಿದವನಿಗೆ ಎಂಬುದರಲ್ಲಿ ರಾಜಕೀಯ ಬಂದುಬಿಡುತ್ತದೆ.

ಇನ್ನೊಂದು ಜಗಳ ತೀರ ಮನುಷ್ಯರದು. ವಿದೇಶದ ಯಹೂದಿಗಳನ್ನು ಇಸ್ರೇಲಿಗೆ ಕರೆತರುವ ಕೆಲಸ ಜ್ಯೂಯಿಷ್ ಏಜೆನ್ಸಿಯದು. ಎಕ್‌ಸ್ಟೀನ್ ಸಂಸ್ಥೆ ಅದಕ್ಕೆ ವರ್ಷವರ್ಷವೂ ದೊಡ್ಡ ಮೊತ್ತ ಕೊಡುತ್ತಿತ್ತು. ಸಿಗಬೇಕಾದ ಮನ್ನಣೆ ಸಿಗುತ್ತಿಲ್ಲ ಎಂಬ ಕೊರಗು ಬೆಳೆಯಿತು. ನಮ್ಮ ದೇವಸ್ಥಾನಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 2014ರಲ್ಲಿ ಸಂಬಂಧ ಕಡಿಯಿತು. ಸಂಸ್ಥೆ ತಾನೇ ವಿಮಾನ ಮಾಡಿ ಉಕ್ರೇನಿನಿಂದ ಯಹೂದಿಗಳನ್ನು ಕರೆತರತೊಡಗಿತು. ಅಲ್ಲಿಯವರೆಗೆ ಹಣ ಮಾತ್ರ ಕ್ರೈಸ್ತ ದಾನಿಗಳದಾಗಿತ್ತು, ಈಗ ಅದನ್ನು ಕೂಡಿಸುವ ಸಂಸ್ಥೆಯೇ ಕೈಯನ್ನೂ ಹಾಕಿತು. ನಡೆಸುವವರು ಯಹೂದಿಗಳೇ ಆದ್ದರಿಂದ ದೊಡ್ಡ ಗಲಾಟೆ ಆಗಲಿಲ್ಲ. ಒಂದು ಚರ್ಚೇ ಹೀಗೆ ಮಾಡಿದ್ದರೆ ಕಥೆ ಬೇರೆ ಇರುತ್ತಿತ್ತು.

ಭಾರತಕ್ಕೂ ಈ ಬಗೆಯ ಹಣದ ಒಂದು ಕವಲು ಬಂದಿದೆ. ಮಣಿಪುರ, ಮಿಜೋರಾಮಿನಲ್ಲಿ ಬ್ನೆಯಿ ಮೆನಾಶೆ ಎಂಬ ಸಮುದಾಯ ಇದೆ. ಇಸ್ರೇಲಿನ ಕಳೆದುಹೋದ ಮನಸ್ಸೆ ಕುಲದವರು ತಾವು ಅನ್ನುವುದು ಅವರ ನಂಬಿಕೆ. ಇವರ ಹಿರಿಯರನ್ನು ಮಿಶನರಿಗಳು ಕ್ರೈಸ್ತರನ್ನಾಗಿ ಮಾಡಿದ್ದರು. ಬೈಬಲ್ ಓದುತ್ತಾ ಓದುತ್ತಾ ಇವರಲ್ಲಿ ಕೆಲವರಿಗೆ ಹಳೆಯ ಒಡಂಬಡಿಕೆಯ ಜನ ನಾವೇ ಅನ್ನಿಸಿತು. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳಲ್ಲಿ ಒಬ್ಬರಾಗಿದ್ದ ಶ್ಲೊಮೊ ಅಮಾರ್ ಇವರನ್ನು ಇಸ್ರೇಲಿನ ಸಂತತಿ ಅಂತ ಒಪ್ಪಿದರು. ಆದರೂ ಪೂರ್ತಿ ಯಹೂದಿಗಳಾಗಲು ವಿಧಿಪೂರ್ವಕ ಮತಾಂತರ ಆಗಲೇಬೇಕು ಎಂಬುದು ನಿಯಮ. ಸಾವಿರಾರು ಜನ ಈಗಾಗಲೇ ಹೋಗಿದ್ದಾರೆ. ಅವರ ಎಷ್ಟೋ ವಿಮಾನಗಳ ಖರ್ಚು ಕೊಟ್ಟದ್ದು ಜೆರುಸಲೇಮಿನಲ್ಲಿ 1980ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಎಂಬಸಿ. ಹೆಸರಿಗೆ ರಾಯಭಾರ ಕಚೇರಿ, ನಿಜದಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರ ಸಂಘ. ಅಂದರೆ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು ಯಹೂದಿಗಳಾಗಲು ಹೊರಟರೆ ವಿಮಾನದ ದುಡ್ಡು ಕೊಡುತ್ತಿರುವವರು ಕ್ರೈಸ್ತರು! ಇಳಿದ ಮೇಲೆ ಹೀಬ್ರೂ ಕಲಿಸಿ, ಧರ್ಮದ ಪಾಠ ಹೇಳಿ, ಪಾಸೋ ಫೇಲೋ ಅಂತ ತೀರ್ಮಾನಿಸುವುದು ರಬ್ಬಿಗಳ ನ್ಯಾಯಮಂಡಳಿ. ಅದರಲ್ಲಿ ಟಿಕೆಟ್ಟು ಕೊಡಿಸಿದವರಿಗೆ ಯಾವ ಮಾತೂ ಇಲ್ಲ.